ಯುದ್ಧ ನೋಡುತ್ತ ನಿಂತರೆ ಊರು ನೋಡಿಕೊಳ್ಳುವವರು ಯಾರು?

ಪ್ರಶ್ನೆ: ನನಗೆ 31 ವರ್ಷ. ಕಾಲೇಜಿನ ದಿನಗಳಲ್ಲಿ ಸೈಬರ್ ಕೆಫೆಯಲ್ಲಿ ಏಜ್ ಆಫ್ ಎಂಪೈರ್ಸ್ 2 (ಊರು ಕಟ್ಟಿ, ಸೈನ್ಯ ಬೆಳೆಸಿ ಯುದ್ಧ ಮಾಡುವ ಕಂಪ್ಯೂಟರ್ ಆಟ) ಆಡುತ್ತಿದ್ದೆ. ಹೋದ ವರ್ಷ ಅದರ ಹೊಸ ಆವೃತ್ತಿ ಡೆಫಿನಿಟಿವ್ ಎಡಿಷನ್ ಕೊಂಡು ಮತ್ತೆ ಶುರು ಮಾಡಿದ್ದೇನೆ. ಕಂಪ್ಯೂಟರ್ ಎದುರು ಆರಾಮಾಗಿ ಗೆಲ್ಲುತ್ತೇನೆ. ಆನ್‌ಲೈನ್‌ನಲ್ಲಿ ಮನುಷ್ಯರ ಎದುರು ಕೂತರೆ ಮಾತ್ರ, ಯುದ್ಧ ಶುರುವಾದ ಕೂಡಲೇ ಊರು ಮರೆತುಹೋಗುತ್ತದೆ. ಊರು ನೋಡಿ ಬರೋಣವೆಂದು ಹೋದರೆ ಅಷ್ಟರಲ್ಲಿ ಸೈನ್ಯ ಸತ್ತಿರುತ್ತದೆ. ನನ್ನ ತಮ್ಮ ಕಾಫಿ ಕುಡಿಯುತ್ತ, ಮಾತಾಡುತ್ತ ಎರಡನ್ನೂ ನಿಭಾಯಿಸುತ್ತಾನೆ. ನನ್ನ ತಲೆಯೇ ಹಾಗಾ, ವಯಸ್ಸಾಯಿತಾ, ಇಲ್ಲ ಅಭ್ಯಾಸ ಸಾಲದಾ? ಒಂದು ಆಟದ ರೆಕಾರ್ಡಿಂಗ್ ಜೊತೆಗಿಟ್ಟಿದ್ದೇನೆ.
(ದಾವಣಗೆರೆಯ ಓದುಗರೊಬ್ಬರು)

ಉತ್ತರ: ನೀವು ಕಳಿಸಿದ ರೆಕಾರ್ಡಿಂಗನ್ನು ಎರಡು ಸಲ ನೋಡಿದೆ. ಮೊದಲ ಸಲ ಇಡೀ ನಕ್ಷೆಯನ್ನು ತೆರೆದಿಟ್ಟುಕೊಂಡು. ಎರಡನೇ ಸಲ ನಿಮ್ಮ ಕ್ಯಾಮೆರಾ ಎಲ್ಲೆಲ್ಲಿ ಓಡಾಡಿತೋ ಅದರ ಬೆನ್ನು ಹಿಡಿದು. ವಿಷಯ ತಿಳಿದದ್ದು ಎರಡನೇ ಸಲ.

12ನೇ ನಿಮಿಷ. ನಿಮ್ಮ ಆರು ಸ್ಕೌಟುಗಳು (ಕುದುರೆ ಸವಾರರು) ಎದುರಾಳಿ ಮರ ಕಡಿಯುವ ಜಾಗಕ್ಕೆ ನುಗ್ಗುತ್ತವೆ. ಒಳ್ಳೆಯ ರೇಡ್, ಅಂದರೆ ದಿಢೀರ್ ದಾಳಿ. ಹೊತ್ತೂ ಸರಿ, ದಾರಿಯೂ ಸರಿ. ಅಲ್ಲಿಂದ ಆಟದ ಗಡಿಯಾರದಲ್ಲಿ 80 ಸೆಕೆಂಡು ನಿಮ್ಮ ಪರದೆ ಆ ಮರಗಳ ಬುಡ ಬಿಟ್ಟು ಕದಲುವುದಿಲ್ಲ. ಇಬ್ಬರು ವಿಲೇಜರ್‌ಗಳನ್ನು, ಅಂದರೆ ದುಡಿಯುವ ಜನರನ್ನು, ಕೊಲ್ಲುತ್ತೀರಿ. ಅಷ್ಟರಲ್ಲಿ ಅವನ ಈಟಿಯವರು ಬಂದು ನಿಮ್ಮ ನಾಲ್ಕು ಸ್ಕೌಟುಗಳನ್ನು ಮುಗಿಸುತ್ತಾರೆ. ಇತ್ತ ವಿಲೇಜರ್‌ಗಳನ್ನು ತಯಾರಿಸುವ ನಿಮ್ಮ ಟೌನ್ ಸೆಂಟರ್ ಆ 80 ಸೆಕೆಂಡೂ ಕೈಕಟ್ಟಿ ಕೂತಿದೆ. ಒಬ್ಬ ವಿಲೇಜರ್ ತಯಾರಾಗಲು ಬೇಕಾದದ್ದು 25 ಸೆಕೆಂಡು. ಅಂದರೆ ನೀವು ಕೊಂದದ್ದು ಇಬ್ಬರನ್ನು, ನಿಮ್ಮ ಊರಲ್ಲಿ ಹುಟ್ಟದೇ ಹೋದವರು ಮೂವರು. ಗೆದ್ದೆ ಅಂದುಕೊಂಡು ಹೊರಬಂದ ಜಗಳದಲ್ಲಿ ನಷ್ಟ ನಿಮ್ಮದೇ.

ಇನ್ನೊಂದು ಸಂಗತಿ ನೋಡಿ ನಗು ಬಂತು, ಬೇಸರ ಮಾಡಿಕೊಳ್ಳಬೇಡಿ. ಆ 80 ಸೆಕೆಂಡಿನಲ್ಲಿ ನಿಮ್ಮ ಕೈ ಎಲ್ಲೂ ನಿಧಾನವಾಗಿಲ್ಲ. ಅದೇ ಸ್ಕೌಟಿಗೆ, ಅದೇ ವಿಲೇಜರ್ ಮೇಲೆ ಬೀಳು ಅಂತ ಏಳೆಂಟು ಸಲ ಕ್ಲಿಕ್ ಮಾಡಿದ್ದೀರಿ. ಒಂದೇ ಸಲ ಹೇಳಿದ್ದರೂ ಅದು ಹೋಗುತ್ತಿತ್ತು. ಉಳಿದ ಆರೇಳು ಕ್ಲಿಕ್‌ಗಳಲ್ಲಿ ಒಂದು ಮನೆ ಕಟ್ಟಬಹುದಿತ್ತು, ಇಬ್ಬರು ವಿಲೇಜರ್‌ಗಳನ್ನು ಸರದಿಗೆ ಹಾಕಬಹುದಿತ್ತು. ನಿಮ್ಮ ಕಷ್ಟ ಎರಡು ಕೆಲಸ ಮಾಡುವುದರಲ್ಲಿಲ್ಲ, ಒಂದನ್ನು ಅರ್ಧಕ್ಕೆ ಬಿಟ್ಟು ಬರುವುದರಲ್ಲಿದೆ. ನನ್ನ ಬಳಿ ಇದೇ ದೂರು ತಂದ ಬಹುಪಾಲು ಆಟಗಾರರದ್ದೂ ಇದೇ ಕಥೆ.

ಮಲ್ಟಿಟಾಸ್ಕಿಂಗ್ ಅನ್ನುವ ಪದವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಒಂದೇ ಹೊತ್ತಿಗೆ ಎರಡು ವಿಷಯ ಯೋಚಿಸಿ ತೀರ್ಮಾನಿಸುವ ಯಂತ್ರ ನಮ್ಮ ತಲೆಯೊಳಗೆ ಇಲ್ಲ. ನಿಮ್ಮಲ್ಲೂ ಇಲ್ಲ, ವಿಶ್ವ ಚಾಂಪಿಯನ್ನರಲ್ಲೂ ಇಲ್ಲ. ಎರಡು ಸೂಚನೆಗಳನ್ನು ಬೆನ್ನುಬೆನ್ನಿಗೆ ಕೊಟ್ಟರೆ ಎರಡನೆಯದಕ್ಕೆ ಉತ್ತರ ತಡವಾಗಿಯೇ ಬರುತ್ತದೆ ಎಂದು 1931ರಲ್ಲೇ ಟೆಲ್ಫರ್ಡ್ ಎಂಬ ಮನೋವಿಜ್ಞಾನಿ ತೋರಿಸಿದ್ದರು. ಅದಕ್ಕೂ ನಾಲ್ಕು ವರ್ಷ ಮೊದಲು, 1927ರಲ್ಲಿ, ಜರ್ಸಿಲ್ಡ್ ಎಂಬವರು ಒಂದು ಕೆಲಸದಿಂದ ಇನ್ನೊಂದಕ್ಕೆ ಪದೇಪದೇ ಹಾರುವುದಕ್ಕೆ ಪ್ರತ್ಯೇಕ ಸುಂಕ ಇದೆ ಎಂದು ಅಳೆದು ತೋರಿಸಿದರು. ನಂಬಿಕೆ ಬರದಿದ್ದರೆ ಈಗಲೇ ಮಾಡಿ ನೋಡಿ. 1ರಿಂದ 10ರವರೆಗೆ ಗಟ್ಟಿಯಾಗಿ ಎಣಿಸಿ. ಆಮೇಲೆ ಅ, ಆ, ಇ, ಈ ಎಂದು ಹತ್ತು ಸ್ವರ ಹೇಳಿ. ಎರಡೂ ಸೇರಿ ಹತ್ತು ಸೆಕೆಂಡು ಸಾಕು. ಈಗ ಎರಡನ್ನೂ ಹೆಣೆದು ಹೇಳಿ: ಒಂದು–ಅ, ಎರಡು–ಆ, ಮೂರು–ಇ... ಏಳು–ಋ ದಾಟಿ ಎಂಟಕ್ಕೆ ಬರುವಾಗ ನಾಲಿಗೆ ತಡವರಿಸುತ್ತದೆ. ಎರಡೂ ಒಂದನೇ ತರಗತಿಯಲ್ಲಿ ಬಾಯಿಪಾಠ ಮಾಡಿದ ಪಟ್ಟಿಗಳೇ. ಸುಸ್ತು ಮಾಡಿದ್ದು ನಡುವಿನ ಓಡಾಟ.

ಹಾಗಿದ್ದರೆ ನಿಮ್ಮ ತಮ್ಮ ಹೇಗೆ ಮಾಡುತ್ತಾನೆ? ಅವನೂ ಓಡಾಡುತ್ತಿದ್ದಾನೆ, ನಿಮಗೆ ಕಾಣಿಸುತ್ತಿಲ್ಲ ಅಷ್ಟೆ. ಇದಕ್ಕೆ ನಮ್ಮಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ: ಅಷ್ಟಾವಧಾನ. ಕನ್ನಡದಲ್ಲಿ ಈ ಕಲೆಗೆ ಮರುಜೀವ ಕೊಟ್ಟ ಶತಾವಧಾನಿ ರಾ. ಗಣೇಶರ ಕಾರ್ಯಕ್ರಮವನ್ನು ನೀವು ಎಂದಾದರೂ ನೋಡಿದ್ದರೆ ವೇದಿಕೆಯ ನೋಟ ನೆನಪಿರುತ್ತದೆ. ಸುತ್ತ ಎಂಟು ಮಂದಿ ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು. ಒಬ್ಬರು ಸಮಸ್ಯೆ ಎಂದು ಪದ್ಯದ ಸಾಲೊಂದನ್ನು ಕೊಟ್ಟು ಪೂರ್ತಿಮಾಡಿ ಅನ್ನುತ್ತಾರೆ, ಒಬ್ಬರು ನಾಲ್ಕು ಪದ ಕೊಟ್ಟು ಪದ್ಯ ಕೇಳುತ್ತಾರೆ, ಒಬ್ಬರು ಪ್ರತಿ ಅಕ್ಷರಕ್ಕೂ ಇದನ್ನು ಬಳಸಬೇಡಿ ಎಂದು ಅಡ್ಡಗಟ್ಟುತ್ತಾರೆ, ಒಬ್ಬರು ಸಂಖ್ಯಾಬಂಧದ (ಅಂಕಿಗಳ ಚೌಕದ) ಮನೆಗಳನ್ನು ಮನಬಂದಂತೆ ಕೇಳುತ್ತಾರೆ. ಇವೆಲ್ಲದರ ನಡುವೆ ಅಪ್ರಸ್ತುತ ಪ್ರಸಂಗದವರು ಎಲ್ಲೆಂದರಲ್ಲಿ ತಲೆಹಾಕಿ ತರಲೆ ಪ್ರಶ್ನೆ ಎಸೆಯುತ್ತಾರೆ. ಇವರ ಕೆಲಸವೇ ಏಕಾಗ್ರತೆ ಕೆಡಿಸುವುದು. ನಿಮ್ಮ ಎದುರಾಳಿ ಸ್ಕೌಟುಗಳನ್ನು ಕಳಿಸಿ ಮಾಡುವುದೂ ಅದನ್ನೇ.

ಆದರೆ ಅವಧಾನಿ ಎಂಟು ಪದ್ಯಗಳನ್ನು ಒಟ್ಟಿಗೆ ಕಟ್ಟುವುದಿಲ್ಲ. ಸುತ್ತು ಹಾಕುತ್ತಾರೆ. ಮೊದಲ ಸುತ್ತಿನಲ್ಲಿ ಪದ್ಯ ಕೇಳಿದ ಒಬ್ಬೊಬ್ಬರಿಗೂ ಒಂದೊಂದು ಪಾದ (ಪದ್ಯದ ಸಾಲು), ಎರಡನೇ ಸುತ್ತಿನಲ್ಲಿ ಎರಡನೇ ಪಾದ, ಹೀಗೆ ನಾಲ್ಕು ಸುತ್ತು, ಕೊನೆಗೆ ಧಾರಣೆ, ಅಂದರೆ ಎಲ್ಲವನ್ನೂ ನೆನಪಿನಿಂದ ಒಪ್ಪಿಸುವುದು. ಪಾದ ಮುಗಿಸಿ ಮುಂದಿನವರ ಕಡೆ ತಿರುಗುತ್ತಾರೆ, ಪಾದದ ನಡುವೆ ಕೈಬಿಡುವುದಿಲ್ಲ. ಅರ್ಧವಾದ ಪದ್ಯವನ್ನು ತಲೆಯಲ್ಲಿ ಹಿಡಿದಿಡಲು ಛಂದಸ್ಸೂ ಪ್ರಾಸವೂ ನೆರವಾಗುತ್ತವೆ. ನೀವು ಕಲಿಯಬೇಕಾದದ್ದೂ ಇಷ್ಟೇ. ಸುತ್ತು ಬೇಕು, ಬಿಡುವ ಜಾಗ ಗೊತ್ತಿರಬೇಕು, ಅರ್ಧವಾದದ್ದು ಕಳೆದುಹೋಗದಂತೆ ಹಿಡಿದಿಡುವ ಚೌಕಟ್ಟು ಬೇಕು. ಆಟದಲ್ಲಿ ಆ ಚೌಕಟ್ಟನ್ನು, ಅಂದರೆ ಯಾವುದರ ನಂತರ ಯಾವುದು ಎಂಬ ಪಟ್ಟಿಯನ್ನು, ಬಿಲ್ಡ್ ಆರ್ಡರ್ ಅನ್ನುತ್ತಾರೆ.

ಇನ್ನು ಕೆಲವರಿಗೆ ಇದು ಯಾಕೆ ಇಷ್ಟು ಕಷ್ಟವಾಗುತ್ತದೆ ಅನ್ನುವ ಪ್ರಶ್ನೆ.

ದೊಡ್ಡ ಕಾರಣ, ಸಣ್ಣಪುಟ್ಟ ಕೆಲಸಗಳು ಇನ್ನೂ ಕೈಗೆ ಇಳಿದಿಲ್ಲದಿರುವುದು. ಗೇರ್ ಬೈಕ್ ಕಲಿಯುವಾಗಿನ ಮೊದಲ ವಾರ ನೆನಪಿಸಿಕೊಳ್ಳಿ. ಏರು ರಸ್ತೆಯ ಸಿಗ್ನಲ್‌ನಲ್ಲಿ ಕ್ಲಚ್ ಬಿಡುವಾಗ ಹಿಂದೆ ಕೂತವರು ಏನಾದರೂ ಕೇಳಿದರೆ ಮೈ ಉರಿಯುತ್ತಿತ್ತು. ಈಗ ಅದೇ ಸಿಗ್ನಲ್‌ನಲ್ಲಿ ಮನೆಸಾಮಾನಿನ ಪಟ್ಟಿ ಮಾತಾಡುತ್ತೀರಿ. ಕ್ಲಚ್ಚು ಮೊದಲಿನಂತೆಯೇ ಇದೆ, ಅದಕ್ಕೆ ಈಗ ತಲೆ ಬೇಕಿಲ್ಲ. ಆಟದಲ್ಲೂ ಹಾಗೆ. ಮನೆ ಕಟ್ಟಬೇಕು ಎಂದು ನೆನಪಾಗಿ, ಖಾಲಿ ವಿಲೇಜರ್ ಯಾರಿದ್ದಾರೆಂದು ಹುಡುಕಿ, ಮೆನುವಿನಲ್ಲಿ ಮನೆಯ ಚಿತ್ರ ಹುಡುಕಿ, ಎಲ್ಲಿಡಲಿ ಎಂದು ಯೋಚಿಸಿದರೆ ಅದು ನಾಲ್ಕು ಕೆಲಸ. ನಿಮ್ಮ ತಮ್ಮನಿಗೆ ಅದು ಒಂದೇ ಕೆಲಸ, ಅದೂ ಕಾಲುಭಾಗ.

ಮನಸ್ಸಿನ ಮೇಜಿನ ಮೇಲೆ ಒಂದು ಹೊತ್ತಿಗೆ ಸುಮಾರು ನಾಲ್ಕು ಸಂಗತಿಗಳನ್ನಷ್ಟೇ ಹರಡಿಟ್ಟುಕೊಳ್ಳಬಹುದು ಎನ್ನುವುದು ಈಗ ಬಹುಮಟ್ಟಿಗೆ ಒಪ್ಪಿತವಾದ ಲೆಕ್ಕ. ನಿಮ್ಮ 12ನೇ ನಿಮಿಷದಲ್ಲಿ ಏನೇನಿತ್ತು ನೋಡಿ: ಮುಂದಿನ ಮನೆ, ಮುಂದಿನ ಎರಡು ಹೊಲ, ಚಿನ್ನಕ್ಕೆ ಜನ, ಕಮ್ಮಾರಸಾಲೆಯ ಅಪ್‌ಗ್ರೇಡ್, ಕುದುರೆ ಲಾಯದಲ್ಲಿ ಸರದಿ, ಅವನ ಈಟಿಯವರು ಯಾವ ಕಡೆಯಿಂದ ಬರುತ್ತಾರೆ ಅನ್ನುವ ಭಯ. ಆರಾಯಿತು. ಎರಡು ಕೆಳಗೆ ಬೀಳಲೇಬೇಕು, ಬಿದ್ದವು.

ಇಲ್ಲಿ ಚೆಸ್‌ನ ಒಂದು ಹಳೆಯ ಪ್ರಯೋಗ ಹೇಳಬೇಕು. 1973ರಲ್ಲಿ ಚೇಸ್ ಮತ್ತು ಸೈಮನ್ ಎಂಬ ಇಬ್ಬರು ಸಂಶೋಧಕರು, ನುರಿತ ಆಟಗಾರರಿಗೂ ಹೊಸಬರಿಗೂ ಚೆಸ್ ಹಲಗೆಯನ್ನು ಐದು ಸೆಕೆಂಡು ತೋರಿಸಿ, ಕಾಯಿಗಳನ್ನು ನೆನಪಿನಿಂದ ಮತ್ತೆ ಜೋಡಿಸಲು ಹೇಳಿದರು. ನಿಜವಾದ ಆಟದಿಂದ ತೆಗೆದ ನೋಟವಾದರೆ ನುರಿತವರು ಎಷ್ಟೋ ಮುಂದೆ. ಕಾಯಿಗಳನ್ನು ಅಡ್ಡಾದಿಡ್ಡಿ ಇಟ್ಟು ತೋರಿಸಿದಾಗ ಅವರ ಆ ಮೇಲುಗೈ ಹೆಚ್ಚುಕಡಿಮೆ ಮಾಯ. ಅವರದು ದೊಡ್ಡ ನೆನಪಿನ ಶಕ್ತಿಯೇನಲ್ಲ, ಹತ್ತು ಕಾಯಿಗಳನ್ನು ಅವರು ಎರಡು ಮೂರು ಗುಂಪುಗಳಾಗಿ ನೋಡುತ್ತಿದ್ದರು. ನೀವು ಊರಿನ ಪರದೆಗೆ ಮರಳಿದಾಗ ಮೂವತ್ತು ಜನ ಓಡಾಡುವುದು ಕಾಣುತ್ತದೆ. ನಿಮ್ಮ ತಮ್ಮನಿಗೆ ಕಾಣುವುದು ಇಷ್ಟೇ: ಮರ ಸರಿಯಿದೆ, ಹೊಲ ಎರಡು ಕಡಿಮೆ, ಮನೆ ಬೇಕು.

ಇನ್ನೊಂದು ಕಾರಣ ಅಡುಗೆಮನೆಯಲ್ಲಿ ಎಲ್ಲರೂ ಕಂಡದ್ದು. ಕುಕ್ಕರ್ ಇಟ್ಟು ಬೇರೆ ಕೆಲಸಕ್ಕೆ ಹೋಗಬಹುದು, ಅದು ಸೀಟಿ ಹಾಕಿ ಕರೆಯುತ್ತದೆ. ಹಾಲಿಟ್ಟು ಹೋಗುವ ಹಾಗಿಲ್ಲ. ಹಾಲು ಯಾರನ್ನೂ ಕರೆಯದೆ ಸದ್ದಿಲ್ಲದೆ ಉಕ್ಕುತ್ತದೆ. ಸೂಚನೆ ಸಿಕ್ಕಾಗ ಮಾಡುವ ಕೆಲಸವನ್ನು ನೆನಪಿಡುವುದು ಸುಲಭ, ಇಷ್ಟು ಹೊತ್ತಾದ ಮೇಲೆ ಮಾಡಬೇಕಾದ ಕೆಲಸವನ್ನು ತಾನಾಗಿ ನೆನಪಿಸಿಕೊಳ್ಳುವುದು ಕಷ್ಟ. ಈ ಆಟದಲ್ಲಿ ಯುದ್ಧ ಕುಕ್ಕರಿನ ಹಾಗೆ. ಯಾರಾದರೂ ಮೇಲೆ ಬಿದ್ದರೆ ಕಹಳೆ ಊದುತ್ತದೆ, ಪರದೆಯ ಮೂಲೆಯ ಪುಟ್ಟ ನಕ್ಷೆ ಮಿನುಗುತ್ತದೆ. ಟೌನ್ ಸೆಂಟರ್ ಹಾಲಿನ ಹಾಗೆ. ಸರದಿ ಖಾಲಿಯಾದರೆ ಯಾರೂ ಕಹಳೆ ಊದುವುದಿಲ್ಲ. ಹೊಸ ವಿಲೇಜರ್ ಹೊರಬಂದಾಗ ಸಣ್ಣದೊಂದು ಸದ್ದೇನೋ ಬರುತ್ತದೆ, ಕತ್ತಿಗಳ ಗಲಾಟೆಯಲ್ಲಿ ಹೊಸಬರ ಕಿವಿಗೆ ಬೀಳುವುದಿಲ್ಲ. ಗೊತ್ತಿದ್ದವರು ಆ ಸದ್ದನ್ನೇ ಸೀಟಿಯನ್ನಾಗಿ ಮಾಡಿಕೊಂಡಿರುತ್ತಾರೆ. ಅದಕ್ಕೇ ನಾನು ಎಲ್ಲರಿಗೂ ಮೊದಲು ಹೇಳುವುದು, ಆಟದ ಹಿನ್ನೆಲೆ ಸಂಗೀತ ಆರಿಸಿ ಅಂತ.

ಮತ್ತೆ ಒಂದು ಮಾತು ಹೇಳದೆ ಹೋದರೆ ಉತ್ತರ ಅಪ್ರಾಮಾಣಿಕವಾಗುತ್ತದೆ. ಯುದ್ಧ ನೋಡಲು ಚೆನ್ನಾಗಿರುತ್ತದೆ, ಹೊಲ ನೋಡಲು ಅಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಜಗಳ ನಡೆದರೆ ಸುತ್ತ ಜನ ನಿಲ್ಲುವುದು ಅವರಿಗೆ ಬೇರೆ ಕೆಲಸ ಇಲ್ಲವೆಂದಲ್ಲ. ಆರು ಸ್ಕೌಟುಗಳನ್ನು ನೀವೇ ತಯಾರು ಮಾಡಿ, ದೂರ ನಡೆಸಿಕೊಂಡು ಹೋಗಿ, ಶತ್ರುವಿನ ಊರೊಳಗೆ ನುಗ್ಗಿಸಿದ ಮೇಲೆ ಆ ಹೊತ್ತಿನಲ್ಲಿ ಮುಖ ತಿರುಗಿಸುವುದು ಯಾರಿಗೂ ಸುಲಭವಲ್ಲ. ಕಣ್ಣು ತೆಗೆದರೆ ಸತ್ತೇಹೋಗುತ್ತವೆ ಅನ್ನುವ ಭಯ ಬೇರೆ. ವಾಸ್ತವದಲ್ಲಿ ನಿಮ್ಮ ನಾಲ್ಕು ಸ್ಕೌಟುಗಳು ಸತ್ತದ್ದು ನೀವು ನೋಡುತ್ತಿದ್ದಾಗಲೇ.

ಎದುರಾಳಿಗೂ ಈ ದೌರ್ಬಲ್ಯ ಗೊತ್ತು. ಸ್ಟಾರ್‌ಕ್ರಾಫ್ಟ್ ಎಂಬ ಇದೇ ಬಗೆಯ ಆಟದಲ್ಲಿ ಬಾಕ್ಸರ್ ಎಂದೇ ಹೆಸರಾದ ಕೊರಿಯಾದ ಲಿಮ್ ಯೋ-ಹ್ವಾನ್ ಡ್ರಾಪ್‌ಶಿಪ್‌ಗಳಲ್ಲಿ ಸಣ್ಣ ತುಕಡಿಗಳನ್ನು ತುಂಬಿ ಎದುರಾಳಿಯ ಹಿತ್ತಲಿಗೆ ಇಳಿಸುವುದರಲ್ಲಿ ಪ್ರಸಿದ್ಧರಾದವರು. ಇಂಥ ದಾಳಿಯಲ್ಲಿ ಕೊಲ್ಲುವುದು ಅರ್ಧ ಲಾಭ. ಎದುರಿನವನ ಕಣ್ಣನ್ನು ಇಲ್ಲಿಂದಲ್ಲಿಗೆ ಎಳೆದಾಡಿಸುವುದು ಉಳಿದರ್ಧ. ನಿಮ್ಮ ರೇಡ್‌ನಲ್ಲಿ ಆದದ್ದು ಉಲ್ಟಾ. ಅವನ ಕಣ್ಣು ಎಳೆಯಲು ಹೋಗಿ ನಿಮ್ಮದನ್ನೇ ಅಲ್ಲಿ ಒತ್ತೆ ಇಟ್ಟಿರಿ.

ಪರದೆ ಬದಲಿಸುವುದು ಎಷ್ಟು ದುಬಾರಿ ಅನ್ನುವುದಕ್ಕೆ ಯಂತ್ರವೊಂದರ ಸಾಕ್ಷಿಯೂ ಇದೆ. 2019ರ ಜನವರಿಯಲ್ಲಿ ಡೀಪ್‌ಮೈಂಡ್ ಸಂಸ್ಥೆಯ ಆಲ್ಫಾಸ್ಟಾರ್ ಎಂಬ ಕೃತಕ ಬುದ್ಧಿಮತ್ತೆ ಸ್ಟಾರ್‌ಕ್ರಾಫ್ಟ್ 2 ಆಟದಲ್ಲಿ ಟಿಎಲ್‌ಒ ಮತ್ತು ಮಾನಾ ಎಂಬ ಇಬ್ಬರು ವೃತ್ತಿಪರರನ್ನು ತಲಾ 5–0 ಅಂತರದಲ್ಲಿ ಸೋಲಿಸಿದ್ದನ್ನು ಜಗತ್ತಿಗೆ ತೋರಿಸಿದರು. ಆದರೆ ಆ ಆವೃತ್ತಿಗೆ ನಮ್ಮ ಹಾಗೆ ಕ್ಯಾಮೆರಾ ಸರಿಸಿ ನೋಡುವ ಕಷ್ಟ ಇರಲಿಲ್ಲ. ತನಗೆ ಕಾಣಬಹುದಾದ ಭಾಗವನ್ನೆಲ್ಲ ಒಂದೇ ನೋಟದಲ್ಲಿ ಕಾಣುತ್ತಿತ್ತು. ಅದೇ ಕಾರ್ಯಕ್ರಮದಲ್ಲಿ, ಕ್ಯಾಮೆರಾ ಸರಿಸಲೇಬೇಕಾದ ಇನ್ನೊಂದು ಆವೃತ್ತಿ ಮಾನಾ ಎದುರು ನೇರಪ್ರಸಾರದಲ್ಲಿ ಸೋತಿತು. ಆ ಆವೃತ್ತಿಗೆ ತರಬೇತಿಯೂ ಕಡಿಮೆ ಇತ್ತು, ಹಾಗಾಗಿ ಸೋಲಿನ ಪೂರ್ತಿ ಹೊಣೆ ಕ್ಯಾಮೆರಾದ ಮೇಲೆ ಹೊರಿಸಲಾಗದು. ಅದೇ ವರ್ಷ ಮುಂದೆ ಕ್ಯಾಮೆರಾ ನಿರ್ಬಂಧದ ಜೊತೆಗೇ ಅದು ಗ್ರ್ಯಾಂಡ್‌ಮಾಸ್ಟರ್ ಎಂಬ ಅತಿ ಮೇಲಿನ ಮಟ್ಟ ಮುಟ್ಟಿತು. ಆದರೂ ಎಲ್ಲಿ ನೋಡಬೇಕು ಅನ್ನುವುದೇ ಒಂದು ಪ್ರತ್ಯೇಕ ವಿದ್ಯೆ ಎಂದು ಯಂತ್ರ ಕಟ್ಟಿದವರಿಗೂ ಅರಿವಾಗಿತ್ತು. ನಾವು ಮಾತ್ರ ಅದನ್ನು ಬೆರಳಿನ ವೇಗ ಎಂದುಕೊಂಡು ಎಪಿಎಂ (ನಿಮಿಷಕ್ಕೆ ಎಷ್ಟು ಕ್ರಿಯೆ) ಲೆಕ್ಕ ಹಾಕುತ್ತ ಕೂತಿರುತ್ತೇವೆ.

ಈಗ ನಿಮ್ಮ ವಯಸ್ಸಿನ ಪ್ರಶ್ನೆ. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಸಂಶೋಧಕರು ಸ್ಟಾರ್‌ಕ್ರಾಫ್ಟ್ 2ರ ಸಾವಿರಾರು ರೆಕಾರ್ಡಿಂಗ್‌ಗಳನ್ನು ಜಾಲಾಡಿದವರು. 2014ರಲ್ಲಿ ಪ್ರಕಟವಾದ ಅವರ ಲೇಖನದಲ್ಲಿ 16ರಿಂದ 44 ವರ್ಷದ 3,305 ಆಟಗಾರರಿದ್ದರು. ಹೊಸ ಪರದೆಗೆ ಬಂದು ಮೊದಲ ಕೆಲಸ ಮಾಡುವವರೆಗಿನ ವಿಳಂಬವನ್ನು ಅವರು ಅಳೆದರು. ಅದು ಸುಮಾರು 24ರ ವಯಸ್ಸಿನಿಂದಲೇ ಹೆಚ್ಚುತ್ತ ಹೋಗುತ್ತದೆ ಎಂದು ಕಂಡಿತು. ಸುದ್ದಿಮನೆಗಳು ಇಷ್ಟನ್ನೇ ಹಿಡಿದುಕೊಂಡು 24ಕ್ಕೇ ಮುದುಕರಾದಿರಿ ಎಂದು ಬರೆದವು. ಅದೇ ಲೇಖನದಲ್ಲಿ ಇನ್ನೊಂದು ಮಾತಿತ್ತು: ವಯಸ್ಸಾದ ಆಟಗಾರರು ಆಟದ ಸೌಲಭ್ಯಗಳನ್ನು ಹೆಚ್ಚು ಜಾಣತನದಿಂದ ಬಳಸಿ ಈ ನಷ್ಟವನ್ನು ತುಂಬಿಕೊಳ್ಳುವಂತೆ ಕಾಣುತ್ತದೆ ಎಂದು. ವಯಸ್ಸಿನಿಂದ ಆಗುವ ವಿಳಂಬ ಸೆಕೆಂಡಿನ ಸಣ್ಣ ಚೂರು. ನಿಮ್ಮ ಟೌನ್ ಸೆಂಟರ್ ಸುಮ್ಮನಿದ್ದದ್ದು 80 ಸೆಕೆಂಡು. ವಯಸ್ಸನ್ನು ದೂರಬೇಡಿ, ನಾನು ನಿಮಗಿಂತ ಹದಿನೈದು ವರ್ಷ ದೊಡ್ಡವರಲ್ಲಿ ಸೇರಿದ್ದೇನೆ.

ಅಭ್ಯಾಸದಿಂದ ಇದು ಬರುತ್ತದೆಯೇ ಅಂದರೆ, ಬರುತ್ತದೆ ಎನ್ನಲು ಆಧಾರ ಇದೆ. 2013ರಲ್ಲಿ ಗ್ಲಾಸ್, ಮ್ಯಾಡಕ್ಸ್ ಮತ್ತು ಲವ್ ಎಂಬ ಸಂಶೋಧಕರು ವಿಡಿಯೊ ಗೇಮ್ ಅಷ್ಟಾಗಿ ಆಡದ 72 ಮಂದಿಗೆ ತಲಾ 40 ಗಂಟೆ ಆಟ ಆಡಿಸಿದರು. ಎಲ್ಲರೂ ಮಹಿಳೆಯರೇ, ಯಾಕೆಂದರೆ ವಾರಕ್ಕೆ ಎರಡು ಗಂಟೆಗಿಂತ ಕಡಿಮೆ ಆಡುವ ಗಂಡಸರು ಅವರಿಗೆ ಬೇಕಾದಷ್ಟು ಸಿಗಲಿಲ್ಲವಂತೆ! ಒಂದು ಗುಂಪಿಗೆ ದಿ ಸಿಮ್ಸ್ ಎಂಬ ಮನೆ-ಸಂಸಾರದ ಆಟ, ಉಳಿದೆರಡಕ್ಕೆ ಸ್ಟಾರ್‌ಕ್ರಾಫ್ಟ್. ಆ ಎರಡರಲ್ಲಿ ಒಂದು ಗುಂಪಿಗೆ ಒಂದೇ ನೆಲೆ, ಇನ್ನೊಂದಕ್ಕೆ ಎರಡು ನೆಲೆ. ಕೊನೆಗೆ ಪರೀಕ್ಷೆ ಮಾಡಿದಾಗ ಮನಸ್ಸನ್ನು ಒಂದರಿಂದ ಇನ್ನೊಂದಕ್ಕೆ ತಿರುಗಿಸುವ ಚುರುಕುತನ ಸ್ಟಾರ್‌ಕ್ರಾಫ್ಟ್ ಆಡಿದವರಲ್ಲಿ ಹೆಚ್ಚಿತ್ತು, ಎರಡು ನೆಲೆ ನೋಡಿಕೊಂಡವರಲ್ಲಿ ಎಲ್ಲರಿಗಿಂತ ಹೆಚ್ಚಿತ್ತು. ಸಣ್ಣ ಪ್ರಯೋಗ, ಇದರಿಂದ ಆಫೀಸಿನ ಕೆಲಸವೂ ಚುರುಕಾಗುತ್ತದೆ ಎಂದೆಲ್ಲ ಹೇಳಲು ನಾನು ತಯಾರಿಲ್ಲ. ಎರಡು ಕಡೆ ನೋಡುವ ಅಭ್ಯಾಸ ಎರಡು ಕಡೆ ನೋಡಿಯೇ ಬರುತ್ತದೆ ಅನ್ನುವಷ್ಟಕ್ಕೆ ಸಾಕು.

ಹುಟ್ಟಿನಿಂದ ಬಂದ ವ್ಯತ್ಯಾಸ ಇಲ್ಲವೇ ಇಲ್ಲ ಎಂದೇನೂ ಅಲ್ಲ. ಕೆಲವರ ಮೇಜು ಸ್ವಲ್ಪ ಅಗಲ, ಕೆಲವರದು ಕಿರಿದು. ನಿದ್ದೆಗೆಟ್ಟ ರಾತ್ರಿ ಎಲ್ಲರದೂ ಕಿರಿದು. ಮರೆವು ಆಟದಲ್ಲಷ್ಟೇ ಅಲ್ಲದೆ ಒಲೆ, ಬಿಲ್ಲು, ಗಾಡಿ ಓಡಿಸುವುದು ಎಲ್ಲದರಲ್ಲೂ ಚಿಕ್ಕಂದಿನಿಂದ ಕಾಡುತ್ತಿದ್ದರೆ ಅದು ಬೇರೆ ಮಾತು, ವೈದ್ಯರ ಬಳಿ ಒಮ್ಮೆ ಮಾತಾಡುವುದು ಒಳ್ಳೆಯದು. ನಿಮ್ಮ ಪತ್ರದಲ್ಲಿ ಹಾಗೆ ಕಾಣುವುದಿಲ್ಲ.

ಕಂಪ್ಯೂಟರ್ ಎದುರು ಗೆಲ್ಲುತ್ತೇನೆ ಅಂದಿರಲ್ಲ, ಅದಕ್ಕೆ ಕಾರಣ ಸುಲಭ. ಕಂಪ್ಯೂಟರ್ ನಿಮ್ಮ ಕಣ್ಣನ್ನು ಬೇಟೆಯಾಡುವುದಿಲ್ಲ. ಸೈಬರ್ ಕೆಫೆಯ ಕಾಲಕ್ಕೂ ಈಗಕ್ಕೂ ಇನ್ನೊಂದು ವ್ಯತ್ಯಾಸ ಇದೆ. 1999ರ ಮೂಲ ಆಟದಲ್ಲಿ ಬರಿದಾದ ಪ್ರತಿ ಹೊಲವನ್ನೂ ನಾವೇ ಹೋಗಿ ಮತ್ತೆ ಬಿತ್ತಬೇಕಿತ್ತು. ಮರುವರ್ಷ ಬಂದ ಕಾಂಕರರ್ಸ್ ಎಂಬ ವಿಸ್ತರಣೆಯಲ್ಲಿ ಗಿರಣಿಯಲ್ಲಿ ಮೊದಲೇ ಸರದಿ ಹಾಕಿಡುವ ಸೌಲಭ್ಯ ಬಂತು. ಈಗ ಒಂದು ಗುಂಡಿ ಒತ್ತಿಟ್ಟರೆ ತಾನೇ ಬಿತ್ತಿಕೊಳ್ಳುತ್ತದೆ. ಚಾಕರಿ ಇಳಿದಿದೆ, ಜೊತೆಗೆ ವೇಗ ಏರಿದೆ. ಆನ್‌ಲೈನ್ ರ‍್ಯಾಂಕ್ ಪಂದ್ಯಗಳು ನಡೆಯುವುದು 1.7 ಪಟ್ಟು ವೇಗದಲ್ಲಿ, ಹಾಗಾಗಿ ಆಟದ 25 ಸೆಕೆಂಡು ನಮ್ಮ ಗೋಡೆ ಗಡಿಯಾರದಲ್ಲಿ 15 ಸೆಕೆಂಡೂ ಆಗುವುದಿಲ್ಲ. ಪ್ರತಿ 15 ಸೆಕೆಂಡಿಗೊಮ್ಮೆ ಹಾಲು ಉಕ್ಕುತ್ತಿದೆ ಅಂದುಕೊಳ್ಳಿ.

ಏನು ಮಾಡಬೇಕು? ನಾಳೆಯಿಂದಲೇ ಒಂದು ಬದಲಾವಣೆ. ಆಟ ಶುರುವಾದ ಕೂಡಲೇ ಟೌನ್ ಸೆಂಟರ್ ಆಯ್ಕೆ ಮಾಡಿ ಕಂಟ್ರೋಲ್ ಒತ್ತಿ ಅದಕ್ಕೊಂದು ಅಂಕಿ ಕೊಡಿ, 5 ಅಂತಿಟ್ಟುಕೊಳ್ಳಿ. ನೀವು ಈಗ ಬಳಸುವ ಎಚ್ ಕೀ ಟೌನ್ ಸೆಂಟರನ್ನು ಹಿಡಿಯುವುದರ ಜೊತೆಗೆ ಕ್ಯಾಮೆರಾವನ್ನೂ ಊರಿಗೆ ಎಳೆದೊಯ್ಯುತ್ತದೆ. ಅದಕ್ಕೇ ಯುದ್ಧದ ನಡುವೆ ಅದನ್ನು ಒತ್ತಲು ನಿಮಗೆ ಧೈರ್ಯ ಬರುವುದಿಲ್ಲ. ಅಂಕಿಯನ್ನು ಒಮ್ಮೆ ಒತ್ತಿದರೆ ಟೌನ್ ಸೆಂಟರ್ ಕೈಗೆ ಸಿಗುತ್ತದೆ, ಪರದೆ ಯುದ್ಧದ ಮೇಲೆಯೇ ಇರುತ್ತದೆ. 5 ಒತ್ತಿ, ವಿಲೇಜರ್ ಕೀ ಒತ್ತಿ, ಮತ್ತೆ ಸ್ಕೌಟುಗಳ ಅಂಕಿ ಒತ್ತಿ. ಹುಟ್ಟಿದವರು ಎಲ್ಲಿಗೆ ಹೋಗಬೇಕೆಂದು ಒಂದು ಮರದ ಮೇಲೆ ಮೊದಲೇ ಗುರುತು ಮಾಡಿಟ್ಟರೆ ಅವರು ತಾವೇ ಹೋಗಿ ಕಡಿಯುತ್ತಾರೆ. ನಿಮ್ಮ ಅರ್ಧ ಕಷ್ಟಕ್ಕೆ ಕಣ್ಣು ಕದಲಿಸಬೇಕಾಗಿಯೇ ಇಲ್ಲ.

ಎರಡನೆಯದನ್ನು ಹೇಳಿದರೆ ದೊಡ್ಡ ಆಟಗಾರರು ನನ್ನ ಮೇಲೆ ಸಿಟ್ಟಾಗುತ್ತಾರೆ. ರೇಡ್‌ಗೆ ಹೊರಡುವ ಮುನ್ನ ಮೂವರು ವಿಲೇಜರ್‌ಗಳನ್ನು ಒಟ್ಟಿಗೆ ಸರದಿಗೆ ಹಾಕಿ. ಒಬ್ಬರಿಗೆ 50ರಂತೆ 150 ಆಹಾರ ಮೊದಲೇ ಕಟ್ಟಿಹೋಗುತ್ತದೆ, ಅದು ದುಂದು ಎನ್ನುವುದು ಅವರ ವಾದ. ಅವರ ಮಟ್ಟಕ್ಕೆ ಸರಿ. ಅವರು ಒಬ್ಬೊಬ್ಬರನ್ನೇ ಹೊತ್ತಿಗೆ ಸರಿಯಾಗಿ ಹಾಕಬಲ್ಲರು. ನಿಮಗೆ 100 ಆಹಾರ ಅರ್ಧ ನಿಮಿಷ ಸುಮ್ಮನೆ ಬಿದ್ದಿರುವ ನಷ್ಟಕ್ಕಿಂತ ಟೌನ್ ಸೆಂಟರ್ ಸುಮ್ಮನಿರುವ ನಷ್ಟ ದೊಡ್ಡದು. ಮೂವರೆಂದರೆ ಗೋಡೆ ಗಡಿಯಾರದಲ್ಲಿ 44 ಸೆಕೆಂಡಿನ ನೆಮ್ಮದಿ. ಅಭ್ಯಾಸ ಕೂಡಿದಂತೆ ಎರಡಕ್ಕೆ ಇಳಿಸಿ.

ಆಮೇಲೆ ಅವಧಾನಿಯ ಪಾದ. ಸ್ಕೌಟುಗಳನ್ನು ನಡುಯುದ್ಧದಲ್ಲಿ ಬಿಟ್ಟು ಬರಬೇಡಿ, ಅವುಗಳಿಗೆ ಒಂದು ಆಜ್ಞೆ ಪೂರ್ತಿ ಮಾಡಿ ಬನ್ನಿ. ಶಿಫ್ಟ್ ಒತ್ತಿ ಹಿಡಿದು ಈ ವಿಲೇಜರ್, ಆಮೇಲೆ ಆ ವಿಲೇಜರ್, ಆಮೇಲೆ ಹಿಂದಕ್ಕೆ ಬಾ ಎಂದು ಸಾಲಾಗಿ ಹೇಳಬಹುದು. ಅದು ಒಂದು ಪಾದ. ಈಗ ಊರಿಗೆ ಹೋಗಿ ಒಂದೇ ಒಂದು ಕೆಲಸ ಮಾಡಿ, ಮನೆಯೋ ಹೊಲವೋ, ಎರಡೂ ಬೇಡ. ಮರಳಿ ಬನ್ನಿ. ನಾನು ಶುರುವಿನಲ್ಲಿ ಬಾಯಲ್ಲಿ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ: 'ಮನೆ, ಜಗಳ, ಹೊಲ, ಜಗಳ.' ಪಕ್ಕದ ಕೋಣೆಯಿಂದ ಅಮ್ಮ, ಯಾರ ಮನೆಯಲ್ಲಿ ಜಗಳ ಎಂದು ಕೇಳಿದ್ದುಂಟು. ಬಾಯಲ್ಲಿ ಹೇಳುವುದು ಬಾಲಿಶವಾಗಿ ಕಾಣುತ್ತದೆ, ಆದರೆ ಕೆಲಸ ಮಾಡುತ್ತದೆ.

ಫೋನಿನಲ್ಲಿ 15 ಸೆಕೆಂಡಿಗೊಮ್ಮೆ ಬೀಪ್ ಇಟ್ಟುಕೊಳ್ಳಿ ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ನಾನು ಮಾಡಿ ನೋಡಿದ್ದೇನೆ. ಎರಡೇ ದಿನದಲ್ಲಿ ಬೀಪ್ ಕೇಳಿಸದೇ ಹೋಯಿತು, ಫ್ಯಾನಿನ ಸದ್ದಿನ ಹಾಗೆ. ಆಟದೊಳಗಿನ ಸದ್ದಿಗೆ ಅರ್ಥ ಇದೆ, ಹೊರಗಿನ ಬೀಪಿಗೆ ಇಲ್ಲ.

ಅಭ್ಯಾಸಕ್ಕೆ ಒಂದು ಕ್ರಮ ಇರಲಿ. ಕಂಪ್ಯೂಟರ್ ಎದುರಿನ ಆಟವನ್ನು ಗೆಲ್ಲುವುದಕ್ಕಾಗಿ ಆಡಬೇಡಿ. ಒಂದು ವಾರ ಒಂದೇ ನಿಯಮ: 20ನೇ ನಿಮಿಷದವರೆಗೆ ಟೌನ್ ಸೆಂಟರ್ ನಿಲ್ಲಬಾರದು. ಯುಗ ದಾಟುವ ಹೊತ್ತನ್ನು ಬಿಡಿ, ಆಗ ಅದು ಬೇರೆ ಕೆಲಸದಲ್ಲಿರುತ್ತದೆ. ಸೈನ್ಯ ಸಾಯಲಿ, ಆಟ ಸೋಲಲಿ, ಲೆಕ್ಕಕ್ಕಿಲ್ಲ. ಎರಡನೇ ವಾರ ಅದರ ಮೇಲೆ ಮನೆ ಸೇರಿಸಿ. ಎರಡೂ ತಲೆಯಿಂದ ಕೈಗೆ ಇಳಿದಿವೆ ಅನ್ನಿಸುವವರೆಗೆ ರೇಡ್ ಸೇರಿಸಬೇಡಿ. ಮೂರನ್ನೂ ಒಟ್ಟಿಗೆ ಕಲಿಯಲು ಹೊರಡುವವರೇ ಹೆಚ್ಚಾಗಿ ನನಗೆ ಪತ್ರ ಬರೆಯುವವರು.

ನಿಮ್ಮ ತಮ್ಮನನ್ನು ಪಕ್ಕ ಕೂರಿಸಿಕೊಂಡು ಒಂದು ಆಟ ಆಡಿಸಿ. ಅವನ ಯುದ್ಧ ನೋಡಬೇಡಿ, ಪರದೆ ಎಷ್ಟು ಹೊತ್ತು ಒಂದೇ ಕಡೆ ನಿಲ್ಲುತ್ತದೆ ಅಂತ ಮನಸ್ಸಿನಲ್ಲೇ ಎಣಿಸುತ್ತ ಹೋಗಿ. ಐದರ ಮೇಲೆ ಎಣಿಸುವ ಸಂದರ್ಭ ವಿರಳವಾಗಿ ಸಿಗುತ್ತದೆ ಎಂದು ನನ್ನ ಅಂದಾಜು. ಕಾಫಿ ಲೋಟ ಎತ್ತುವ ಹೊತ್ತನ್ನೂ ಗಮನಿಸಿ. ಮೂರು ನಾಲ್ಕು ವಿಲೇಜರ್‌ಗಳು ಸರದಿಯಲ್ಲಿರುವಾಗಲೇ ಅವನು ಲೋಟಕ್ಕೆ ಕೈಹಾಕುತ್ತಿರುತ್ತಾನೆ.

ಮೂರು ವಾರ ಕಳೆದ ಮೇಲೆ ಇನ್ನೊಂದು ರೆಕಾರ್ಡಿಂಗ್ ಕಳಿಸಿ. ಗೆದ್ದದ್ದು ಬೇಡ, ಸೋತದ್ದನ್ನೇ ಕಳಿಸಿ. 12ನೇ ನಿಮಿಷದಲ್ಲಿ ಕ್ಯಾಮೆರಾ ಎಲ್ಲಿತ್ತು ಅಂತ ಮೊದಲು ನೋಡುತ್ತೇನೆ.